ಮಳೆಮಾಪಕದ ಮೇಲಿನ ಜಾಲರಿ

ಟಿಕ್.

ಮೇಜಿನ ಮೇಲಿದ್ದ ಪುಟ್ಟ ಡಬ್ಬಿಯಿಂದ ಬಂದ ಸದ್ದು ಅದು. ಉಗುರಿನಿಂದ ಗಾಜು ತಟ್ಟಿದಷ್ಟೇ ಸಣ್ಣದು. ಆದರೆ ಅರೆನಿದ್ದೆಯಲ್ಲಿದ್ದ ಅವಳು ಯಾರೋ ಜಡೆ ಹಿಡಿದು ಎಳೆದಂತೆ ನೆಟ್ಟಗೆ ಕೂತಳು. ಗಡಿಯಾರ ನೋಡಿದಳು. ರಾತ್ರಿ ಹನ್ನೊಂದು ದಾಟಿ ಮೂರು ನಿಮಿಷ. ಪುಸ್ತಕದಲ್ಲಿ ಬರೆದುಕೊಂಡಳು.

ಊರಿನ ಹಳ್ಳದ ದಂಡೆಯಲ್ಲಿ ಪಂಪ್‌ಹೌಸು, ಅದರ ಮೇಲಿನ ಒಂದೇ ಕೋಣೆ ಅವಳ ಕಚೇರಿ. ಬೇಸಿಗೆಯ ಗುಡುಗು ಮಳೆಯ ಎರಡು ತಿಂಗಳು ರಾತ್ರಿಯಿಡೀ ಕೂತು ಮೋಡ ಕಾಯುವುದು ಅವಳ ಕೆಲಸ. ಊರಿನವರು ಅವಳನ್ನು ಮಳೆ ಮೇಡಂ ಎನ್ನುತ್ತಿದ್ದರು. ಆರು ಕಿಲೋಮೀಟರ್ ಮೇಲೆ, ಗುಡ್ಡದ ನೆತ್ತಿಯಲ್ಲಿ, ಒಂದು ಮಳೆಮಾಪಕವಿತ್ತು. ಅದರ ಬಾಯಿಗೆ ಆಲಿಕೆ, ಆಲಿಕೆಯ ಕೆಳಗೆ ತಕ್ಕಡಿಯ ತಟ್ಟೆಗಳ ಹಾಗೆ ಜೋಡಿಸಿದ ಎರಡು ಬಟ್ಟಲು. ಒಂದು ತುಂಬಿದೊಡನೆ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಅದರ ಜಾಗಕ್ಕೆ ಬರುತ್ತದೆ. ಅಲ್ಲಿ ಬಟ್ಟಲು ಮಗುಚಿದಾಗಲೆಲ್ಲ ಇಲ್ಲಿ ಟಿಕ್. ಕಾಲು ಗಂಟೆಯಲ್ಲಿ ನೂರು ಟಿಕ್ ದಾಟಿದರೆ ಹಳ್ಳ ಉಕ್ಕುತ್ತದೆ. ಗುಡ್ಡದ ನೀರು ತಗ್ಗಿನ ಬೀದಿಗೆ ಬಂದು ಮುಟ್ಟಲು ನಲವತ್ತು ನಿಮಿಷ. ಆ ನಲವತ್ತು ನಿಮಿಷಕ್ಕಾಗಿಯೇ ಅವಳಿಗೆ ಸಂಬಳ.

ತಗ್ಗಿನ ಬೀದಿಯಲ್ಲಿ ಅರವತ್ತೆರಡು ಮನೆಗಳಿದ್ದವು. ಕೊನೆಯ ಮನೆ, ಎಲ್ಲಕ್ಕಿಂತ ತಗ್ಗಿನದು, ಅವಳ ಅಕ್ಕನದು.

"ಶುರುವಾಯ್ತಾ ನಿಮ್ಮ ಹಲ್ಲಿ?" ಮೂಲೆಯ ಮಂಚದಿಂದ ಮೇಸ್ತ್ರಿ ಕೇಳಿದ. ಪಂಪುಗಳನ್ನು, ಸೈರನ್ನನ್ನು ನೋಡಿಕೊಳ್ಳುವವನು ಅವನು. ಇಪ್ಪತ್ತಾರು ವರ್ಷದಿಂದ ಅದೇ ಮಂಚ, ಅದೇ ಕೆಮ್ಮು.

"ಒಂದು ಟಿಕ್ ಅಷ್ಟೇ, ಮೇಸ್ತ್ರಿಗಳೇ."

"ಒಂದಕ್ಕೇ ಮುಖ ಹಾಗೆ ಮಾಡ್ಕೊಂಡ್ರೆ ನೂರಕ್ಕೆ ಏನ್ ಮಾಡ್ತೀರಿ? ಸ್ವಲ್ಪ ಉಳಿಸ್ಕೊಳಿ ಮೇಡಮ್ಮೋರೇ."

ಅವಳು ದೂರದ ರೇಡಾರಿನಿಂದ ಹತ್ತು ನಿಮಿಷಕ್ಕೊಮ್ಮೆ ಬರುವ ಚಿತ್ರವನ್ನು ಪರದೆಯ ಮೇಲೆ ನೋಡುತ್ತಿದ್ದಳು. ಗುಡ್ಡದ ಆಚೆ ಹಸಿರು ಕಲೆ, ಅದರ ನಡುವೆ ಹಳದಿ. ಮುಂದಿನ ಚಿತ್ರದಲ್ಲಿ ಹಳದಿಯ ನಡುವೆ ಕೆಂಪು. ಅದರ ಮುಂದಿನದರಲ್ಲಿ ಕೆಂಪು ಗುಡ್ಡದ ನೆತ್ತಿಯ ಮೇಲೆ ಕೂತು ಅಲ್ಲಾಡದೆ ನಿಂತಿತ್ತು. ಡಬ್ಬಿ ಟಿಕ್ ಟಿಕ್ ಎನ್ನತೊಡಗಿತು. ಹನ್ನೊಂದೂವರೆಗೆ ಅಕ್ಕನಿಗೆ ಫೋನ್ ಮಾಡಿದಳು.

"ಎದ್ದಿರು. ಗುಬ್ಬೀಗೆ ಬಟ್ಟೆ ಹಾಕಿ ಕೂರಿಸ್ಕೋ. ಟಾರ್ಚು ಪಕ್ಕದಲ್ಲಿಟ್ಕೋ."

"ಈ ವಾರದಲ್ಲಿ ಇದು ಮೂರನೇ ಸಲ ಕಣೇ," ಅಕ್ಕ ಆಕಳಿಸಿದಳು. ಅವಳದು ಹೊಲಿಗೆ ಕೆಲಸ. ಗಂಡ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. "ಗುಬ್ಬಿ ಶಾಲೇಲಿ ತೂಕಡಿಸ್ತಾಳೆ ಅಂತ ಟೀಚರ್ ಹೇಳಿ ಕಳ್ಸಿದಾರೆ. ನಿನ್ನ ಹೆದರಿಕೆಗೆ ನಾವು ನಿದ್ದೆಗೆಡಬೇಕಾ?"

"ಅಕ್ಕಾ, ನನ್ನಾಣೆ. ಕೂತಿರು."

"ಸರಿ ಮಹಾತಾಯಿ, ಕೂತಿರ್ತೀನಿ."

ಹನ್ನೊಂದು ನಲವತ್ತೈದಕ್ಕೆ ಟಿಕ್‌ಗಳ ನಡುವೆ ಉಸಿರು ತೆಗೆದುಕೊಳ್ಳಲೂ ಬಿಡುವಿರಲಿಲ್ಲ. ಅವಳು ಬೆರಳು ಮಡಚಿ ಎಣಿಸುತ್ತಿದ್ದಳು. ಅರವತ್ತು. ಅರವತ್ತೈದು. ಎಪ್ಪತ್ತೊಂದು. ಮೇಸ್ತ್ರಿಯೂ ಎದ್ದು ಬಂದು ಅವಳ ಹಿಂದೆ ನಿಂತಿದ್ದ. ಎಪ್ಪತ್ತೆರಡಕ್ಕೆ ಸದ್ದು ನಿಂತುಹೋಯಿತು.

ಇಬ್ಬರೂ ಕಾದರು. ಡಬ್ಬಿ ಸುಮ್ಮನಿತ್ತು. ಒಂದು ನಿಮಿಷ, ಎರಡು, ಐದು.

"ನೋಡಿದ್ರಾ? ಗಾಳಿ ಎತ್ಕೊಂಡ್ ಹೋಯ್ತು," ಎಂದ ಮೇಸ್ತ್ರಿ. ದೊಡ್ಡ ಉಸಿರು ಬಿಟ್ಟ. ಅವನೂ ಹೆದರಿದ್ದನೆಂದು ಆ ಉಸಿರಿನಲ್ಲೇ ಗೊತ್ತಾಯಿತು.

ಪರದೆಯ ಹೊಸ ಚಿತ್ರಕ್ಕೂ ಕಾಯದೆ ಅವಳು ಪುಸ್ತಕದಲ್ಲಿ ಬರೆದಳು: 11.52, ಮಳೆ ನಿಂತಿದೆ. ಅಕ್ಕನಿಗೆ ಮತ್ತೆ ಫೋನ್ ಮಾಡಿದಳು. "ಏನೂ ಇಲ್ಲ. ಮಲಗು."

"ಫೋನೂ ಆಫ್ ಮಾಡಿ ಮಲಗ್ತೀನಿ. ಬೆಳಿಗ್ಗೆವರೆಗೂ ಯಾರೂ ನನ್ನ ಎಬ್ಬಿಸಬೇಡಿ," ಎಂದು ಅಕ್ಕ ಇಟ್ಟಳು.

ಹನ್ನೆರಡು ದಾಟಿ ಐದು ನಿಮಿಷಕ್ಕೆ ಪಂಪ್‌ಹೌಸಿನ ತಗಡಿನ ಮೇಲೆ ಯಾರೋ ಒಂದು ಕಲ್ಲು ಎಸೆದಂತಾಯಿತು. ಆಮೇಲೆ ಇನ್ನೊಂದು. ಆಮೇಲೆ ಇಡೀ ಲಾರಿ ಜಲ್ಲಿ ಸುರಿದಂತೆ. ಕಿಟಕಿಯ ಮೇಲಿನ ಗಾಜು ಒಡೆದು ನಿಂಬೆಹಣ್ಣಿನ ಗಾತ್ರದ ಆಲಿಕಲ್ಲುಗಳು ಮೇಜಿನ ಮೇಲೆ, ಪುಸ್ತಕದ ಮೇಲೆ, ಅವಳ ಮಡಿಲಿನಲ್ಲಿ ಬಿದ್ದವು. ಒಂದು ಅವಳ ಕೆನ್ನೆ ಸೀಳಿತು. ಅವಳು ಮೇಜಿನ ಕೆಳಗೆ ಬಗ್ಗಿದವಳು ಅಲ್ಲೇ ಕಲ್ಲಾದಳು.

ಆಲಿಕಲ್ಲು. ಗುಡ್ಡದ ಮೇಲೂ ಇದೇ ಬಿದ್ದಿದೆ.

ಮಳೆ ಎಂದೂ ಹಾಗೆ ನಿಲ್ಲುವುದಿಲ್ಲ. ಏಳು ವರ್ಷ ಅದರ ಸದ್ದು ಕೇಳಿದವಳಿಗೆ ಅದು ಗೊತ್ತಿರಬೇಕಿತ್ತು. ಮಳೆ ತೊದಲುತ್ತಾ ನಿಲ್ಲುತ್ತದೆ. ಟಿಕ್, ಬಹಳ ಹೊತ್ತು ಬಿಟ್ಟು ಟಿಕ್. ಎಪ್ಪತ್ತೆರಡಕ್ಕೆ ಬಾಯಿ ಮುಚ್ಚಿದಂತೆ ನಿಂತಿದೆಯೆಂದರೆ ಯಾರೋ ಬಾಯಿ ಮುಚ್ಚಿದ್ದಾರೆ. ಯಾರೆಂದು ಅವಳಿಗೆ ಗೊತ್ತಿತ್ತು. ಹದಿನೈದು ದಿನದ ಹಿಂದೆ ಹಕ್ಕಿಗಳು ಆಲಿಕೆಯೊಳಗೆ ಕಡ್ಡಿ ತುಂಬಿದ್ದವು. ಅವಳೇ ಗುಡ್ಡ ಹತ್ತಿ ಕಡ್ಡಿ ಕಿತ್ತು, ಮನೆಯಿಂದ ತಂದಿದ್ದ ತಂತಿ ಜಾಲರಿಯನ್ನು ಕತ್ತರಿಸಿ ಆಲಿಕೆಯ ಬಾಯಿಗೆ ಬಿಗಿದು ಬಂದಿದ್ದಳು. ತಾತ್ಕಾಲಿಕ ಕೆಲಸವೆಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಈಗ ಆ ಜಾಲರಿಯ ಮೇಲೆ ಆಲಿಕಲ್ಲು ಗಾರೆಯ ಹಾಗೆ ಕಟ್ಟಿಕೊಂಡಿದೆ. ಆಕಾಶವೇ ಹರಿದು ಸುರಿದರೂ ಒಂದು ಹನಿ ಒಳಗಿಳಿಯುವುದಿಲ್ಲ.

"ಮೇಸ್ತ್ರಿಗಳೇ, ಸೈರನ್ ಹಾಕಿ!"

ಮೇಸ್ತ್ರಿ ಗೋಡೆಗೆ ಒತ್ತಿಕೊಂಡು ನಿಂತಿದ್ದ. "ಎಷ್ಟು ಟಿಕ್ ಆಯ್ತು?"

"ಟಿಕ್ ಬರಲ್ಲ. ಮಾಪಕದ ಬಾಯಿ ಕಟ್ಟಿದೆ. ನಾನು ಜಾಲರಿ ಹಾಕಿದ್ದೆ. ಗುಡ್ಡದ ಮೇಲೆ ಕೆಂಪು ಹಾಗೇ ನಿಂತಿದೆ, ಪರದೆ ನೋಡಿ!"

"ಹೋದ ವರ್ಷವೂ ಕೆಂಪೇ ಇತ್ತು," ಎಂದ ಅವನು, ತಣ್ಣಗೆ.

ಹೋದ ವರ್ಷದ ಕಥೆ ಊರಿಗೇ ಗೊತ್ತಿತ್ತು. ಅವಳು ರಜೆಯಲ್ಲಿದ್ದಳು. ಪರದೆಯ ಮೇಲೆ ಕೆಂಪು ಕಂಡದ್ದೇ ಮೇಸ್ತ್ರಿ ಸೈರನ್ ಹಾಕಿದ್ದ. ತಗ್ಗಿನ ಬೀದಿ ಕತ್ತಲಲ್ಲಿ ಎದ್ದುಬಿದ್ದು ಶಾಲೆಯ ಮೆಟ್ಟಿಲು ಹತ್ತಿತ್ತು. ನೂಕುನುಗ್ಗಲಿನಲ್ಲಿ ಏಳು ತಿಂಗಳ ಬಸುರಿಯೊಬ್ಬಳು ಮೆಟ್ಟಿಲಿನಿಂದ ಉರುಳಿದಳು. ಮಗು ಉಳಿಯಲಿಲ್ಲ. ಹಳ್ಳದಲ್ಲಿ ಮೊಣಕಾಲುದ್ದ ನೀರೂ ಬರಲಿಲ್ಲ. ಪರದೆಯಲ್ಲಿ ಕೆಂಪಾಗಿ ಕಂಡದ್ದು ಮಳೆಯಿಲ್ಲದ ಒಣ ಆಲಿಕಲ್ಲು. ಮಾರನೆಯ ದಿನ ಕಬ್ಬಿಣದ ಸರಳು ಹಿಡಿದು ಹದಿನೈದು ಜನ ಬಂದರು. ಮೇಸ್ತ್ರಿಯ ಎಡಗೈ ಎರಡು ಕಡೆ ಮುರಿಯಿತು. ಅವನು ದೂರು ಕೊಡಲಿಲ್ಲ. "ಅವರ ಜಾಗದಲ್ಲಿ ನಾನಿದ್ರೂ ಹೊಡೀತಿದ್ದೆ," ಎಂದನಂತೆ. ಅದಾದ ಮೇಲೆ ನಿಯಮ ಬಂತು: ಪರದೆಯ ಕೆಂಪು ಇರಬೇಕು, ನೂರು ಟಿಕ್ಕೂ ಇರಬೇಕು, ಪುಸ್ತಕದಲ್ಲಿ ಇಬ್ಬರ ಸಹಿಯೂ ಇರಬೇಕು. ಸೈರನ್ನಿನ ಕೀಲಿ ಮೇಸ್ತ್ರಿಯ ಕೊರಳಲ್ಲಿ.

"ಕೀಲಿ ಕೊಡಿ."

"ಕೊಡಲ್ಲ."

"ಅಕ್ಕ ಮಲಗಿದಾಳೆ! ನಾನೇ ಮಲಗು ಅಂದೆ! ಫೋನು ಆಫ್ ಮಾಡ್ಕೊಂಡಿದಾಳೆ!"

"ಅದಕ್ಕೇ ನಿಮಗೆ ಕೆಂಪು ಇನ್ನೂ ಕೆಂಪಾಗಿ ಕಾಣ್ತಿದೆ. ಕೆಂಪು ಅಂದ್ರೆ ಬರೀ ಆಲಿಕಲ್ಲೂ ಆಗಿರಬಹುದು ಅಂತ ಪಾಠ ಹೇಳಿದ್ದು ಯಾರು? ನೀವೇ. ಇನ್ನೊಂದು ಮಗು ನನ್ನ ತಲೆಗೆ ಕಟ್ಟಬೇಡಿ ಮೇಡಂ. ನೂರು ಟಿಕ್ ತೋರಿಸಿ, ಕೊಡ್ತೀನಿ."

ಅವಳು ಅವನ ಕೊರಳಿಗೆ ಕೈ ಹಾಕಿದಳು. ಅವನು ತಳ್ಳಿದ. ಅವಳ ಬೆನ್ನು ಮೇಜಿಗೆ ಬಡಿಯಿತು. ಮತ್ತೆ ಬಂದಳು. ಬಲಗೈಯಿಂದ ಅವಳ ಎರಡೂ ಮಣಿಕಟ್ಟನ್ನು ಹಿಡಿದು, "ಕೂತ್ಕೊಳಿ ಸುಮ್ನೆ! ಹುಚ್ಚು ಹಿಡೀತಾ?" ಎಂದು ಗದರಿದ. ಒಂದು ಕೈ ಬಿಡಿಸಿಕೊಂಡಳು. ಆ ಕೈಗೆ ಸಿಕ್ಕಿದ್ದು ನಾಲ್ಕು ಸೆಲ್ಲಿನ ಕಬ್ಬಿಣದ ಟಾರ್ಚು. ಒಂದು ಇರುವೆ ಕೊಂದರೂ ಎರಡು ದಿನ ನೆನೆಸಿಕೊಳ್ಳುವ ಹೆಂಗಸು ಅದನ್ನೆತ್ತಿ ಅವನ ಹಣೆಗೆ ಹೊಡೆದಳು. ತೆಂಗಿನಕಾಯಿ ಒಡೆದಂಥ ಸದ್ದಾಯಿತು. ಅವನು ಕಣ್ಣು ಅಗಲಿಸಿ, ಏನೋ ಕೇಳುವವನಂತೆ ಅವಳನ್ನೇ ನೋಡುತ್ತಾ, ಗೋಡೆಗುಂಟ ಜಾರಿ ಕೂತ.

ಅವಳು ಕೀಲಿಯ ದಾರ ಹರಿದುಕೊಂಡಳು. ಪೆಟ್ಟಿಗೆ ತೆರೆದು ಕೀಲಿ ತಿರುಗಿಸುವುದಕ್ಕೂ ಕಿಟಕಿಯಾಚೆ ಇಡೀ ಲೋಕ ಬೆಳ್ಳಗಾಗುವುದಕ್ಕೂ ಸರಿಹೋಯಿತು. ಸಿಡಿಲು ಹೊರಗಿನ ಟ್ರಾನ್ಸ್‌ಫಾರ್ಮರಿಗೇ ಬಡಿದಿತ್ತು. ದೀಪ, ಪರದೆ, ಡಬ್ಬಿ ಎಲ್ಲವೂ ಒಟ್ಟಿಗೆ ಸತ್ತವು. ಸೈರನ್ ಒಂದು ಬಿಕ್ಕಳಿಕೆಯ ಸದ್ದನ್ನೂ ಮಾಡಲಿಲ್ಲ.

ಹಳ್ಳದ ಅಂಚಿನಲ್ಲಿ, ಅಂಗಳದ ಕೊನೆಯ ಕಂಬಕ್ಕೆ ಹಳೆಯ ಕೈ ಸೈರನ್ ಬಿಗಿದಿತ್ತು. ಹಿಡಿಕೆ ತಿರುಗಿಸಿದರೆ ಕೂಗುವಂಥದ್ದು. ಅವಳು ಮೆಟ್ಟಿಲಿಳಿದು ಓಡಿದಳು. ಆಲಿಕಲ್ಲು ತಲೆ, ಹೆಗಲು, ಬೆರಳ ಗಿಣ್ಣುಗಳನ್ನು ಹಣ್ಣು ಜಜ್ಜಿದಂತೆ ಜಜ್ಜಿತು. ಎರಡೂ ಕೈಯಿಂದ ಹಿಡಿಕೆ ಎಳೆದಳು, ಕಾಲು ಕೊಟ್ಟು ತಳ್ಳಿದಳು, ನೇತಾಡಿದಳು. ವರ್ಷಗಳ ತುಕ್ಕು ಅದು, ಕದಲಲಿಲ್ಲ. ಅವಳಿಗೆ ತನ್ನ ಕಿರುಚಾಟವೇ ಕೇಳಿಸುತ್ತಿರಲಿಲ್ಲ.

ಹಿಂದಿನಿಂದ ಅದೇ ಟಾರ್ಚಿನ ಬೆಳಕು ಬಿತ್ತು. ಮೇಸ್ತ್ರಿ ಪಂಪ್‌ಹೌಸಿನ ಕೆಳಗಿನ ಬಾಗಿಲಲ್ಲಿ ಮೊಣಕಾಲೂರಿ, ಹಳ್ಳದಿಂದ ಪಂಪಿಗೆ ಬರುವ ದೊಡ್ಡ ಪೈಪಿಗೆ ಕಿವಿ ಕೊಟ್ಟು ಕೂತಿದ್ದ. ಅರ್ಧ ಮುಖದಲ್ಲಿ ರಕ್ತ. ಅವಳು ಮೋಡವನ್ನು ಪರದೆಯಲ್ಲಿ ನೋಡಿದರೆ ಅವನು ಹಳ್ಳವನ್ನು ಪೈಪಿನಲ್ಲಿ ಕೇಳುವವನು. ಮೇಲಿನಿಂದ ನೀರು ಹೊರಟರೆ ಮೊದಲು ಹಳ್ಳದ ತಳದ ಗುಂಡುಕಲ್ಲುಗಳು ಉರುಳಿ ಪೈಪಿನ ಬಾಯಿಯ ಕಂಬಿಗೆ ಬಡಿಯುತ್ತವೆ. ಅವನು ಎದ್ದು ನಿಂತಾಗ ಮುಖ ಬೇರೆಯೇ ಆಗಿತ್ತು.

"ಕಲ್ಲು ಬಡೀತಿದೆ," ಎಂದ. ಓಡುನಡಿಗೆಯಲ್ಲಿ ಬಂದ. "ಒಂದಲ್ಲ ಎರಡಲ್ಲ. ಬರ್ತಿದೆ."

ಅವಳು ಹಿಡಿಕೆ ಬಿಡಲಿಲ್ಲ.

"ಎಷ್ಟು ಜೋರಾಗಿ ಹೊಡೀತೀಯ ತಾಯಿ. ಗಂಡ ಇದ್ದಿದ್ರೆ ಅವನ ಗತಿ ಏನು!" ಅವನು ಅವಳನ್ನು ಪಕ್ಕಕ್ಕೆ ಸರಿಸಿದ. ಶರ್ಟಿನೊಳಗಿಂದ ಕಚೇರಿ ಪುಸ್ತಕ ತೆಗೆದು ಟಾರ್ಚಿನ ಜೊತೆಗೆ ಅವಳ ಕೈಗೆ ತುರುಕಿದ. "ಕಲ್ಲು ಕೇಳಿಸಿದ್ದೇ ಸಹಿ ಹಾಕಿದೀನಿ. ರೂಲ್ಸು ರೂಲ್ಸೇ. ಹೋಗು, ನಿಮ್ಮಕ್ಕನ್ನ ಎಬ್ಬಿಸು. ಇದು ನಿನ್ನ ಕೈಲಾಗೋ ಕೆಲ್ಸ ಅಲ್ಲ."

"ನೀವು ಬನ್ನಿ. ಇಲ್ಲಿ ನಿಂತ್ರೆ ಮೊದಲು ನಿಮ್ಮನ್ನೇ—"

"ಹೋಗೇ ಅಂದ್ರೆ!"

ಬಲಗೈಯನ್ನು ಹಿಡಿಕೆಗೆ ಹಾಕಿ ಒಮ್ಮೆ ಮೈಯನ್ನೆಲ್ಲ ಒಗೆದ. ತುಕ್ಕು ಕಿರುಗುಟ್ಟಿತು. ಎರಡನೆಯ ಸಲಕ್ಕೆ ಹಿಡಿಕೆ ತಿರುಗಿತು. ಅವಳು ಎರಡನ್ನೂ ಸೊಂಟಕ್ಕೆ ಸಿಕ್ಕಿಸಿ ಗೇಟು ದಾಟುವಾಗ ಬೆನ್ನ ಹಿಂದೆ ಸೈರನ್ ನರಳಿ, ನರಳಿಕೆ ಗಂಟಲು ಬಿಚ್ಚಿಕೊಂಡು, ಆಲಿಕಲ್ಲಿನ ಸದ್ದನ್ನೂ ಮೀರಿ ಕೂಗತೊಡಗಿತು.

ತಗ್ಗಿನ ಬೀದಿಯಲ್ಲಿ ಬಾಗಿಲುಗಳು ಬಡಬಡನೆ ತೆರೆದವು. ಜನ ತಲೆಯ ಮೇಲೆ ಪಾತ್ರೆ, ಕುರ್ಚಿ, ಚಾಪೆ, ಸಿಕ್ಕಿದ್ದನ್ನು ಹಿಡಿದು ಓಡಿದರು. ಶಾಲೆಯ ಮೆಟ್ಟಿಲ ಕಡೆಗೆ ಹೋಗುವ ನೂರಾರು ಜನರಿಗೆ ಎದುರಾಗಿ ಅವಳೊಬ್ಬಳೇ ಇಳಿಯುತ್ತಿದ್ದಳು. ಯಾರದೋ ಮೊಣಕೈ ಅವಳ ಬಾಯಿಗೆ ಬಡಿದು ತುಟಿ ಒಡೆಯಿತು. ದಾರಿಗಡ್ಡವಾದ ಮುದುಕನೊಬ್ಬನನ್ನು ಅವಳು ಎರಡೂ ಕೈಯಿಂದ ತಳ್ಳಿದಳು. ಅವನು ಬಿದ್ದನೋ ಇಲ್ಲವೋ ತಿರುಗಿ ನೋಡಲಿಲ್ಲ.

ಕೊನೆಯ ಮನೆಯಲ್ಲಿ ದೀಪವಿರಲಿಲ್ಲ. ಬಾಗಿಲು ಗುದ್ದಿದಳು. ಕಿಟಕಿಗೆ ಕಲ್ಲೆತ್ತಿ ಹಾಕಿದಳು. ಬಾಗಿಲು ತೆರೆದದ್ದೇ ಒಳಗಿನಿಂದ ಹೊಲಿಗೆಯ ದೊಡ್ಡ ಕತ್ತರಿ ಅವಳ ತೋಳು ಗೀರಿಕೊಂಡು ಹೋಯಿತು.

"ಅಯ್ಯೋ ನೀನಾ! ಕಳ್ಳ ಅಂದ್ಕೊಂಡೆ!"

"ಗುಬ್ಬಿ ಎಲ್ಲಿ?"

"ಮಲಗು ಅಂದೆಯಲ್ಲೇ!"

"ಗುಬ್ಬಿ ಎಲ್ಲೇ!"

ಏಳು ವರ್ಷದ ಗುಬ್ಬಿ ಮಂಚದ ಮೇಲೆ ಕೂತು ಕಣ್ಣುಜ್ಜುತ್ತಿತ್ತು. ಅವಳು ಮಗುವನ್ನು ಹೆಗಲ ಮೇಲೆ ಒಗೆದುಕೊಂಡಳು. ಅಕ್ಕ ಹೊಲಿಗೆ ಮೆಷಿನ್ನಿನ ಕಡೆ ತಿರುಗಿದಾಗ ಅವಳ ಕೂದಲು ಹಿಡಿದು ಹೊರಗೆಳೆದಳು. ಅಕ್ಕ ಬೈಯುತ್ತಲೇ ಓಡಿದಳು. ಮೆಟ್ಟಿಲು ಇನ್ನೂ ಮೂವತ್ತು ಹೆಜ್ಜೆ ಇರುವಾಗ ನೆಲ ಅದುರಿತು.

ನೀರು ನೀರಿನ ಹಾಗೆ ಬರಲಿಲ್ಲ. ಮರದ ದಿಮ್ಮಿ, ಕಲ್ಲು, ಕೆಸರು, ಯಾರದೋ ಮನೆಯ ತಗಡು ಎಲ್ಲ ಸೇರಿದ ಕಪ್ಪು ಗೋಡೆ ಬೀದಿಯ ತುದಿಯಲ್ಲಿ ತಿರುಗಿತು. ಬೇಕರಿಯ ಮುಂದೆ ನಿಲ್ಲಿಸಿದ್ದ ವ್ಯಾನನ್ನು ಎತ್ತಿ ಎದುರು ಮನೆಯೊಳಗೆ ನೂಕಿತು. ಗ್ಯಾಸ್ ಸಿಲಿಂಡರುಗಳು ಗೋಡೆಯಿಂದ ಗೋಡೆಗೆ ಬಡಿಯುತ್ತಾ ಬಂದವು. ಮೆಟ್ಟಿಲ ಬುಡದಲ್ಲಿ ಒಂದು ಬಾಗಿಲು ಹಾರಿಬಂದು ಪಕ್ಕದ ಗಂಡಸಿನ ಮೊಣಕಾಲನ್ನು ಹಿಂದಕ್ಕೆ ಮಡಚಿತು; ಅವನ ಕೂಗಿಗೆ ಗುಬ್ಬಿ ಅವಳ ಕೊರಳು ಕಚ್ಚಿತು. ಯಾರೋ ಮೇಲಿನಿಂದ ಅವಳ ಜಡೆಯನ್ನೇ ಹಗ್ಗ ಮಾಡಿ ಎಳೆದುಕೊಂಡರು. ನೀರು ಅವಳ ಒಂದು ಚಪ್ಪಲಿಯನ್ನೂ ಅಕ್ಕನ ಮನೆಯನ್ನೂ ತೆಗೆದುಕೊಂಡು ಹೋಯಿತು.

ಮೇಲಿನ ಮೆಟ್ಟಿಲಲ್ಲಿ ಬಿದ್ದು ಉಸಿರೆಳೆಯುವಾಗಲೂ ಸೈರನ್ ಕೂಗುತ್ತಲೇ ಇತ್ತು. ಏರುತ್ತಿತ್ತು, ಇಳಿಯುತ್ತಿತ್ತು, ಏರುತ್ತಿತ್ತು. ಏರುವ ನಡುವೆ ನಿಂತುಹೋಯಿತು. ತೊದಲಲಿಲ್ಲ. ಎಪ್ಪತ್ತೆರಡನೆಯ ಟಿಕ್‌ನ ಹಾಗೆ, ಅಲ್ಲಿಗೇ.

ಬೆಳಗಾದಾಗ ಹಳ್ಳದ ಎರಡು ತಿರುವು ಕೆಳಗೆ ಅವನು ಸಿಕ್ಕಿದ, ಕಂಬದ ಸಮೇತ. ಮುರಿದ ಎಡಗೈಗೆ ಹಿಡಿತವಿಲ್ಲದ್ದರಿಂದ ಸೊಂಟದ ಬೆಲ್ಟಿನಿಂದ ತನ್ನನ್ನೇ ಕಂಬಕ್ಕೆ ಕಟ್ಟಿಕೊಂಡು ಬಲಗೈಯಿಂದ ತಿರುಗಿಸಿದ್ದ. ಅರವತ್ತೆರಡು ಮನೆಗಳಲ್ಲಿ ನಲವತ್ತು ನೆಲಸಮವಾಗಿದ್ದವು. ಸತ್ತವನು ಒಬ್ಬನೇ.

ಅವಳು ಆಸ್ಪತ್ರೆಯಲ್ಲಿ ತೋಳಿಗೆ ಹೊಲಿಗೆ ಹಾಕಿಸಿಕೊಂಡು, ಯಾರಿಗೂ ಹೇಳದೆ ಗುಡ್ಡ ಹತ್ತಿದಳು. ಮಾಪಕ ನಿಂತೇ ಇತ್ತು. ಜಾಲರಿಯ ಮೇಲೆ ಆಲಿಕಲ್ಲಿನ ಬಿಳಿ ಬಿಲ್ಲೆ ಇನ್ನೂ ಪೂರ್ತಿ ಕರಗಿರಲಿಲ್ಲ. ತಂತಿ ಬಿಚ್ಚಿ, ಜಾಲರಿ ಮಡಚಿ, ಚೀಲಕ್ಕೆ ಹಾಕಿಕೊಂಡಳು.

ಮೂರನೆಯ ದಿನ ಮೇಲಿನ ಕಚೇರಿಯ ಎಂಜಿನಿಯರು ಬಂದರು. ಕೆಸರು ಬಳಿದ ಮೆಟ್ಟಿಲು ಹತ್ತಿ ಪುಸ್ತಕ ತೆರೆದರು.

"ಹನ್ನೊಂದು ಐವತ್ತೆರಡಕ್ಕೆ ಮಳೆ ನಿಂತಿದೆ ಅಂತ ಬರ್ದಿದೀರಿ. ಆಮೇಲೆ ಇಬ್ಬರ ಸಹಿ ಹಾಕಿ ಸೈರನ್. ಟಿಕ್ ಇಲ್ದೆ ಹೇಗೆ ತೀರ್ಮಾನ ಮಾಡಿದ್ರಿ?"

"ಆಲಿಕಲ್ಲಿಗೆ ಮಾಪಕ ಕಟ್ಟಿತ್ತು, ಸರ್. ಮೇಸ್ತ್ರಿಗಳು ಪೈಪಿಗೆ ಕಿವಿ ಕೊಟ್ಟು ಹೇಳಿದ್ರು."

ಎಂಜಿನಿಯರು ತಲೆದೂಗಿ ಬರೆದುಕೊಂಡರು. ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಆಮೇಲೆ ಅವರು ಪುಟದ ಮೇಲೆ ಬೆರಳಿಟ್ಟರು. ಮೇಸ್ತ್ರಿಯ ವಕ್ರ ಸಹಿಯ ಪಕ್ಕದಲ್ಲಿ ಒಣಗಿದ ಕಂದು ಕಲೆ.

"ಇದೇನು?"

"ಟೀ ಚೆಲ್ಲಿತ್ತು, ಸರ್."

ಸಂಜೆ ಮೇಸ್ತ್ರಿಯ ಮನೆಗೆ ಹೋದಳು. ಬಾಗಿಲಲ್ಲಿ ಜನವೋ ಜನ. ಅವನ ಹೆಂಡತಿ, ದಪ್ಪ ಕನ್ನಡಕದ ದೊಡ್ಡ ದನಿಯ ಹೆಂಗಸು, ಅವಳನ್ನು ಒಳಗೆಳೆದು ಕೂರಿಸಿಕೊಂಡಳು.

"ಹೊರಗೆ ನೀಲಿ ಶರ್ಟು ಹಾಕ್ಕೊಂಡು ಅಳ್ತಿದಾನಲ್ಲ, ಅವನೇ ಹೋದ ವರ್ಷ ಇವರ ಕೈ ಮುರಿದಿದ್ದು. ಅವನ ಹೆಂಡ್ತಿದೇ ಮಗು ಹೋಗಿದ್ದು. ಈಗ ಮತ್ತೆ ಆರು ತಿಂಗಳು. ಇವರ ಕೂಗಿಗೇ ಎದ್ದು ಬದುಕಿದ್ರಂತೆ. ಕಾಲಿಗೆ ಬೀಳೋಕೆ ಬಂದಿದ್ದ. ಬೈದು ಕಳಿಸ್ದೆ." ಕನ್ನಡಕ ತೆಗೆದು ಒರೆಸಿಕೊಂಡಳು. "ವರ್ಷಪೂರ್ತಿ ನಿದ್ದೆ ಮಾಡಿರಲಿಲ್ಲ ತಾಯಿ ಈ ಮನುಷ್ಯ. ಆ ಮಗೂದೇ ಕನವರಿಕೆ. ಹಣೆ ಮೇಲೆ ಗಾಯ ಇತ್ತು. ಕಲ್ಲು ಬಡಿದಿರಬೇಕು ಅಂದ್ರು ಡಾಕ್ಟ್ರು. ತುಂಬಾ ನೋವಾಗಿತ್ತೋ ಏನೋ. ಕೊನೆಗೆ ಏನಾದ್ರೂ ಅಂದ್ರಾ?"

ಅವಳ ಚೀಲದಲ್ಲಿ ಮಡಚಿದ ಜಾಲರಿ ಇನ್ನೂ ಇತ್ತು. ಅದರ ಪಕ್ಕದಲ್ಲಿ ಮೂತಿ ನೆಗ್ಗಿದ ಟಾರ್ಚು.

"ನನ್ನ ಬೈದ್ರು," ಎಂದಳು.

ಆ ಹೆಂಗಸು ಅಳುವಿನ ನಡುವೆಯೇ ನಕ್ಕಳು. "ಹಾಗಾದ್ರೆ ಚೆನ್ನಾಗೇ ಇದ್ರು ಬಿಡು."

ಹೊರಬರುವಾಗ ನೀಲಿ ಶರ್ಟಿನವನು ಎದ್ದು ದಾರಿ ಬಿಟ್ಟ. ಅವನ ಪಕ್ಕದಲ್ಲಿದ್ದ ಹೆಂಗಸು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಗೋಡೆಗೊರಗಿ ಕೂತಿದ್ದಳು. ಗೇಟಿನಾಚೆ ಅಕ್ಕ ಗುಬ್ಬಿಯನ್ನು ಎತ್ತಿಕೊಂಡು ಕಾಯುತ್ತಿದ್ದಳು.

"ಒಂದು ಕೇಳ್ತೀನಿ, ಸಿಟ್ಟಾಗಬೇಡ," ಎಂದಳು ಅಕ್ಕ. "ಮಲಗು ಅಂದವಳು ನೀನೇ. ಆಮೇಲೆ ಅಲ್ಲಿ ಏನಾಯ್ತು?"

ಹೇಳಿದರೆ ಊರು ಅವಳನ್ನು ಏನು ಮಾಡೀತೆಂದು ಅವಳಿಗೆ ಗೊತ್ತಿತ್ತು. ಹೇಳಿದರೆ ಮೇಸ್ತ್ರಿ ಕೀಲಿ ಕೊಡದೆ ನಿಂತದ್ದೂ ಹೊರಬರುತ್ತಿತ್ತು. ತಾನು ಕಾಯುತ್ತಿರುವುದು ಅವನನ್ನೋ ತನ್ನನ್ನೋ ಎಂದು ಕೇಳಿಕೊಂಡಳು. ಪ್ರಾಮಾಣಿಕ ಉತ್ತರ ಅವಳಿಗೆ ಇಷ್ಟವಾಗಲಿಲ್ಲ. ಗುಡ್ಡದ ಮೇಲೆ ಮತ್ತೆ ಕಪ್ಪು ಕಟ್ಟುತ್ತಿತ್ತು. ಡ್ಯೂಟಿಗೆ ಹೊತ್ತಾಗಿತ್ತು.

"ಏನಿಲ್ಲಕ್ಕಾ. ಮೇಸ್ತ್ರಿಗಳಿಗೆ ಸದ್ದು ಕೇಳಿಸ್ತು," ಎಂದು ಗುಬ್ಬಿಯ ಕೆನ್ನೆ ಸವರಿ ಪಂಪ್‌ಹೌಸಿನ ಕಡೆ ನಡೆದಳು. ಅಕ್ಕನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಗೇಟು ದಾಟುವ ಮೊದಲೇ ನಿಶ್ಚಯಿಸಿಯಾಗಿತ್ತು.